ಹೊನ್ನಿಗಾಗಿ ಹುಟ್ಟಿದ ಊರು

ಊರು ಕಟ್ಟುವವರು ಮೊದಲು ನೀರನ್ನು ನೋಡುತ್ತಾರೆ. ಕೋಲಾರದ ಸೀಮೆಯಲ್ಲಿ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಗಂಗರ ಕಾಲದಲ್ಲಿ ಕುವಲಾಲವೆನಿಸಿದ್ದ ಕೋಲಾರ, ಮೂಡಲ ಬಾಗಿಲೆಂಬ ಹೆಸರನ್ನು ಹೊತ್ತ ಮುಳಬಾಗಿಲು, ಹೆಂಚು ಇಟ್ಟಿಗೆಗಳ ಮಾಲೂರು, ಮಾವಿನ ತೋಪುಗಳ ಶ್ರೀನಿವಾಸಪುರ - ಇವೆಲ್ಲ ಕೆರೆಯನ್ನೂ ಗುಡಿಯನ್ನೂ ಆಶ್ರಯಿಸಿ ತಲೆಮಾರಿನಿಂದ ತಲೆಮಾರಿಗೆ ಮೆಲ್ಲಮೆಲ್ಲನೆ ಬೆಳೆದ ಊರುಗಳು. ಕಡಲತೀರದ ವಿಹಾರನಗರಗಳ ಕಥೆ ಬೇರೆ. ಗಾಳಿ ಸೇವನೆಗೆಂದು ಹೊರಗಿನವರು ಬಂದರು. ಅವರ ಹಿಂದೆಯೇ ರೈಲು ಬಂದಿತು. ಹತ್ತಿಪ್ಪತ್ತು ವರ್ಷಗಳಲ್ಲಿ ಬೆಸ್ತರ ಹಳ್ಳಿ ಪಟ್ಟಣವಾಯಿತು. ಕಡಲಿನಿಂದ ನೂರು ಮೈಲಿಗೂ ದೂರವಿರುವ ಕೋಲಾರದ ಬಯಲಿನಲ್ಲಿಯೂ ಹೀಗೆಯೇ ಒಂದು ಊರು ಎದ್ದಿತು. ಆದರೆ ಅಲ್ಲಿಗೆ ಬಂದವರು ವಿಹಾರಕ್ಕೆ ಬಂದವರಲ್ಲ, ಹೊನ್ನಿಗಾಗಿ ಬಂದವರು.

1802ರ ಸುಮಾರಿನಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯುತ್ತಿದ್ದನು. ಇಲ್ಲಿಯ ಮಣ್ಣಿನಲ್ಲಿ ಚಿನ್ನವುಂಟೆಂಬ ಮಾತು ಅವನ ಕಿವಿಗೆ ಬಿದ್ದಿತು. ತೋರಿಸಿಕೊಟ್ಟವರಿಗೆ ಬಹುಮಾನವೆಂದು ಸಾರಿದಾಗ ಉರಿಗಾಂ ಹಳ್ಳಿಯವರು ಗಾಡಿಗಳಲ್ಲಿ ಮಣ್ಣನ್ನು ತುಂಬಿತಂದು, ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಪುಡಿಯನ್ನು ತೋರಿಸಿದರು. ಮಾರಿಕುಪ್ಪದ ಬಳಿ ಜನ ನೆಲದೊಳಗೆ ಇಳಿದು ಕಲ್ಲನ್ನು ಕಿತ್ತು ತರುತ್ತಿದ್ದುದನ್ನೂ ಅವನು ಕಂಡನು. ಅಂದಮೇಲೆ ಕೋಲಾರದ ಚಿನ್ನವನ್ನು ಪರದೇಶದವರು ಕಂಡುಹಿಡಿದರೆಂಬ ಮಾತು ಅರ್ಧ ನಿಜ. ಊರಿನವರಿಗೆ ಅದು ಎಂದಿನಿಂದಲೋ ಗೊತ್ತಿತ್ತು.

ವಾರೆನ್ನನ ವರದಿ ಬಹುಕಾಲ ಕಾಗದದಲ್ಲಿಯೇ ಉಳಿಯಿತು. ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಬಂದು ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ ಮೈಕೇಲ್ ಲಾವೆಲ್ ಎಂಬ ಐರಿಷ್ ಯೋಧ ಅದನ್ನು ಓದಿ, 1871ರಲ್ಲಿ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದನು. 1875ರಲ್ಲಿ ಅಗೆಯುವ ಹಕ್ಕೂ ಅವನಿಗೆ ದೊರೆಯಿತು. ಆದರೆ ಕೈಯಲ್ಲಿ ಸಾಕಷ್ಟು ಹಣವಿಲ್ಲದೆ ಆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿ ಕಾಲಿರಿಸಿತು. ಮೊದಮೊದಲು ಸುರಿದ ಹಣವೆಲ್ಲ ಕರಗಿತು, ಚಿನ್ನ ಕಾಣಲಿಲ್ಲ. ಉಳಿದಷ್ಟನ್ನೂ ಹೂಡಿ, ಹಿಂದಿನ ಕಾಲದವರು ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೆ ಇನ್ನೂ ಆಳಕ್ಕೆ ಇಳಿದಾಗ ಚಾಂಪಿಯನ್ ಎಂಬ ಹೆಸರಿನ ಸಮೃದ್ಧವಾದ ಪದರ ಸಿಕ್ಕಿತು. ಊರಿನ ಹಣೆಬರಹ ಬದಲಾದುದು ಅಂದು.

ಆಗ ಜನ ಬಂದರು. ಉತ್ತರ ಆರ್ಕಾಟಿನಿಂದ, ಸೇಲಂ ಸೀಮೆಯಿಂದ, ಚಿತ್ತೂರಿನ ಕಡೆಯಿಂದ, ಉಳುವ ನೆಲವಿಲ್ಲದ ಬಡವರು ಸಂಸಾರ ಕಟ್ಟಿಕೊಂಡು ಬಂದರು. ಅವರಲ್ಲಿ ಬಹುಮಂದಿ ಊರೊಳಗೆ ಕಾಲಿಡಲೂ ಅವಕಾಶವಿಲ್ಲದಿದ್ದ ದಲಿತರು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಗಾರರು ಬಂದರು. ಇಟಲಿಯವರು, ಆಂಗ್ಲೋ-ಇಂಡಿಯನ್ನರು, ಕಾವಲಿಗೆ ಪಂಜಾಬಿನವರು ಬಂದರು. 1891ರಲ್ಲಿ ಏಳು ಸಾವಿರದಷ್ಟಿದ್ದ ಜನಸಂಖ್ಯೆ 1901ರ ಗಣತಿಯ ವೇಳೆಗೆ 38,000ವನ್ನು ದಾಟಿತ್ತು. ನಡುವೆ, 1894ರಲ್ಲಿ, ಬೌರಿಂಗ್‌ಪೇಟೆಯಿಂದ - ಇಂದಿನ ಬಂಗಾರಪೇಟೆಯಿಂದ - ಮಾರಿಕುಪ್ಪದವರೆಗೆ ಹತ್ತು ಮೈಲಿಯ ರೈಲುದಾರಿ ತೆರೆದಿತ್ತು. ಅದಕ್ಕೆ ಮುಂಚೆ ಭಾರಿ ಯಂತ್ರಗಳೂ ಎತ್ತಿನ ಗಾಡಿಯ ಮೇಲೆಯೇ ಬರಬೇಕಾಗಿತ್ತು.

1902ರ ಜೂನ್ ತಿಂಗಳಿನಲ್ಲಿ ನಡೆದುದು ಇನ್ನೂ ದೊಡ್ಡದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆಯಂತೆ, ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿಸಿದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಹರಿದುಬಂದು ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ರಾಜಧಾನಿಯಂತಹ ಊರು ಎಣ್ಣೆಯ ದೀಪದಲ್ಲಿದ್ದಾಗ ಬಯಲಿನ ಈ ಊರಿಗೆ ಕಾವೇರಿಯ ಶಕ್ತಿ ಬಂದಿತ್ತು. ನೀರು ಮಾತ್ರ ಅಷ್ಟು ಸುಲಭವಾಗಿ ಬರಲಿಲ್ಲ. ಸುಮಾರು ಹತ್ತು ಕಿಲೋಮೀಟರು ದೂರದ ಬೇತಮಂಗಲದಲ್ಲಿ ಪಾಲಾರ್ ನದಿಯ ನೀರನ್ನು ಶುದ್ಧಿಗೊಳಿಸಿ ಕೊಳವೆಗಳಲ್ಲಿ ತರಬೇಕಾಯಿತು. ಬೇರೆ ಊರುಗಳು ನೀರಿದ್ದ ಕಡೆಗೆ ಹೋದರೆ ಇಲ್ಲಿ ಊರಿದ್ದ ಕಡೆಗೆ ನೀರು ಬಂದಿತು.

ಗಣಿಯ ಸುತ್ತ ಒತ್ತೊತ್ತಾಗಿ ಎದ್ದ ಗುಡಿಸಲುಗಳ ಇಕ್ಕಟ್ಟನ್ನು ತಗ್ಗಿಸಲೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸ ಪೇಟೆಯೊಂದನ್ನು ಅಳತೆಯಿಟ್ಟು ಕಟ್ಟಲಾಯಿತು. ರೆಸಿಡೆಂಟರಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನರ ಹೆಸರಿನಿಂದ ಅದು ರಾಬರ್ಟ್‌ಸನ್‌ಪೇಟೆಯಾಯಿತು. ಅಂಗಡಿ, ಶಾಲೆ, ಗುಡಿ, ಇಗರ್ಜಿ, ಮಸೀದಿ ಎಲ್ಲವೂ ಬಂದವು. ಆದರೂ ಊರು ಒಂದಾಗಿರಲಿಲ್ಲ. ಗಣಿಯ ಒಂದು ಬದಿಯಲ್ಲಿ ಬಿಳಿಯರ ಬಂಗಲೆಗಳು, ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ. ವಿಹಾರನಗರಕ್ಕೆ ಬೇಕಾದುದೆಲ್ಲ ಅಲ್ಲಿತ್ತು. ಇನ್ನೊಂದು ಬದಿಯಲ್ಲಿ, ‘ಲೈನು’ಗಳೆಂದು ಇಂದಿಗೂ ಕರೆಯುವ ಸಾಲುಮನೆಗಳಲ್ಲಿ, ತಟ್ಟಿಯ ಗೋಡೆಗಳ ನಡುವೆ ಕೂಲಿಯವರ ಸಂಸಾರ. ಚಿನ್ನದ ಕಳ್ಳತನವಾದೀತೆಂಬ ಭಯದಿಂದ ಕೂಲಿಯವನ ಮೇಲೆ ಸದಾ ಸಂಶಯದ ಕಣ್ಣಿತ್ತು. ಕಾರ್ಮಿಕರೆಲ್ಲರೂ ಬೆರಳಚ್ಚು ಕೊಡಬೇಕೆಂಬ ಕಟ್ಟಳೆ ಬಂದಾಗ, 1930ರಲ್ಲಿ, ಅವರು ಕೆಲಸ ನಿಲ್ಲಿಸಿದರು. ಮೂರು ವಾರಗಳ ಆ ಮುಷ್ಕರ ಕೂಲಿಯ ಹೆಚ್ಚಳಕ್ಕಿಂತ ಮೊದಲು ಮಾನದ ಪ್ರಶ್ನೆಯಾಗಿತ್ತು. ದಿನವೂ ಬಂಡೆ ಸಿಡಿಯುವ ಭಯದಲ್ಲಿ ಕೆಳಗಿಳಿಯುವವನು ಮೇಲೆ ಕಳ್ಳನೆನಿಸಿಕೊಳ್ಳಲು ಒಪ್ಪಲಿಲ್ಲ.

ಸ್ವಾತಂತ್ರ್ಯದ ನಂತರ, 1956ರಲ್ಲಿ, ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು. ಮುಂದೆ ಕೇಂದ್ರ ಸರ್ಕಾರಕ್ಕೆ ಸೇರಿದವು. ಅಷ್ಟು ಹೊತ್ತಿಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿನಷ್ಟು ಕೆಳಗಿಳಿದಿತ್ತು. ಅಲ್ಲಿಯ ಬಂಡೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಆಳ ಹೆಚ್ಚಿದಂತೆಲ್ಲ ಚಿನ್ನ ಕಡಿಮೆಯಾಯಿತು, ವೆಚ್ಚ ಏರಿತು. ಒಟ್ಟು 800 ಟನ್ನು ಚಿನ್ನವನ್ನು ಕೊಟ್ಟ ನೆಲ 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಉಳಿದುದು ಅರೆದ ಕಲ್ಲಿನ ಬೂದುಬಣ್ಣದ ಪುಡಿ. ಮೂರು ಕೋಟಿ ಟನ್ನಿಗೂ ಮೀರಿದ ಆ ‘ಸೈನೈಡ್ ಗುಡ್ಡ’ಗಳಿಂದ ಗಾಳಿ ಬೀಸಿದಾಗಲೆಲ್ಲ ಧೂಳು ಎದ್ದು ಲೈನುಮನೆಗಳ ಅನ್ನದ ತಟ್ಟೆಯವರೆಗೂ ಬರುತ್ತದೆ.

ಬಂದ ಕಾರಣ ಮುಗಿದ ಮೇಲೆ ಬಂದವರು ಹಿಂದಿರುಗಬೇಕಾಗಿತ್ತಲ್ಲವೆ? ಕಡಲತೀರದ ವಿಹಾರಿಗಳು ಋತು ಮುಗಿದೊಡನೆ ಪೆಟ್ಟಿಗೆ ಕಟ್ಟುತ್ತಾರೆ. ಇಲ್ಲಿಯ ಬಂಗಲೆಗಳ ದೊರೆಗಳೂ ಹಾಗೆಯೇ ಹೋದರು. ಲೈನುಗಳವರು ಹೋಗಲಿಲ್ಲ. ಅಜ್ಜ ಬಿಟ್ಟುಬಂದ ಹಳ್ಳಿಯಲ್ಲಿ ಮೊಮ್ಮಗನಿಗೆ ಹೊಲವೂ ಇಲ್ಲ, ಗುರುತಿನವರೂ ಇಲ್ಲ. ಅವನು ತಾಯಿಯೊಡನೆ ತಮಿಳನ್ನೋ ತೆಲುಗನ್ನೋ ಆಡುತ್ತಾನೆ, ಶಾಲೆಯಲ್ಲಿ ಕನ್ನಡವನ್ನು ಕಲಿತಿದ್ದಾನೆ, ಊರು ಯಾವುದೆಂದು ಕೇಳಿದರೆ ಕೆ.ಜಿ.ಎಫ್. ಎನ್ನುತ್ತಾನೆ.

ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಮಾರಿಕುಪ್ಪದ ನಿಲ್ದಾಣ ಎಚ್ಚರಗೊಳ್ಳುತ್ತದೆ. ಬುತ್ತಿಯ ಚೀಲ ಹಿಡಿದ ಗಂಡಸರು, ಹೆಂಗಸರು ಬೆಂಗಳೂರಿನ ಗಾಡಿ ಹತ್ತುತ್ತಾರೆ. ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ದುಡಿದು ರಾತ್ರಿ ಅದೇ ದಾರಿಯಲ್ಲಿ ಮರಳುತ್ತಾರೆ. ಹಿರಿಯರನ್ನು ಕೆಲಸಕ್ಕೆ ಕರೆತಂದ ಹಳಿಗಳೇ ಇಂದು ಮೊಮ್ಮಕ್ಕಳನ್ನು ಕೆಲಸಕ್ಕೆ ಹೊರಗೆ ಕೊಂಡೊಯ್ಯುತ್ತಿವೆ. ದಿನಕ್ಕೆ ಎರಡು ಸಲ ಅಷ್ಟು ದೂರ ಓಡಾಡುವ ಆಯಾಸವನ್ನು ಹೊತ್ತಾದರೂ ಅವರು ರಾತ್ರಿಗೆ ಈ ಊರಿಗೇ ಬಂದು ಮಲಗುತ್ತಾರೆ. ಮನೆಯಲ್ಲಿ ಅವರಿಗಾಗಿ ದೀಪ ಉರಿಯುತ್ತಿರುತ್ತದೆ.