ಬೆಂಕಿಯ ಕವಾಯತು

ನಮ್ಮ ಶಾಲೆಯಲ್ಲಿ ವರ್ಷಕ್ಕೆ ಎರಡಾವರ್ತಿ, ಮುನ್ಸೂಚನೆಯಿಲ್ಲದೆ, ಬೆಂಕಿಯ ಕವಾಯತು ನಡೆಯುವುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಪಾಠದ ಹೊತ್ತು ವ್ಯರ್ಥವಾಗುವುದೆಂದೂ ಮಕ್ಕಳು ಸುಮ್ಮನೆ ಬೆದರುವರೆಂದೂ ಕೆಲವರು ತಾಯಿತಂದೆಗಳು ನನ್ನೊಡನೆ ಹೇಳಿರುವುದುಂಟು. ಆದರೆ ಮೊದಲನೆಯ ಕವಾಯತಿನ ದಿನ ಹಿಂದಣ ಬಾಗಿಲಿಗೆ ಬೀಗ ಬಿದ್ದಿತ್ತು; ಬೀಗದ ಕೈ ಕಾವಲುಗಾರನ ಜೇಬಿನಲ್ಲಿ, ಕಾವಲುಗಾರನು ಕಾಫಿಯಂಗಡಿಯಲ್ಲಿ. ಆ ಬೀಗವನ್ನು ಹಾಕಿಸಿದವಳು ನಾನೇ. ಈಗ ಅಲ್ಲಿ ಒಳಗಿನಿಂದ ತೆಗೆಯುವ ಅಗುಳಿಯಿದೆ.

ನಮ್ಮ ಹುಡುಗಿಯರು ಇಂದು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿಯೂ, ಆಸ್ಪತ್ರೆಗಳಲ್ಲಿಯೂ, ಎತ್ತರವಾದ ಕಚೇರಿಗಳಲ್ಲಿಯೂ ದುಡಿಯುತ್ತಿರುವರು. ಅಲ್ಲಿ ಅವರಿಗೆ ಈ ಕವಾಯತನ್ನು ಮಾಡಿಸುವವರು ಯಾರು? ಗೋಡೆಗೆ ನಕ್ಷೆಯೊಂದನ್ನು ತೂಗಹಾಕಿದರೆ ಸಾಲದು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ 2010ನೆಯ ಇಸವಿ ಫೆಬ್ರವರಿ 23ರಂದು ಬೆಂಕಿ ಬಿದ್ದು 9 ಜನರು ಮಡಿದರು. ಹೊಗೆಯನ್ನು ತಾಳಲಾರದೆ ಕಿಟಕಿಯಿಂದ ಧುಮುಕಿದವರೂ ಅವರಲ್ಲಿದ್ದರು.

ಹೊಲಿಗೆಯ ಕೆಲಸದ ಹೆಣ್ಣುಮಕ್ಕಳಿಗೆ ಒದಗಿದ ಹಳೆಯದೊಂದು ವಿಪತ್ತನ್ನು ನಾನು ಮೇಲಿನ ತರಗತಿಗಳಿಗೆ ತಪ್ಪದೆ ಹೇಳುತ್ತೇನೆ. 1911ರ ಮಾರ್ಚಿ 25ರಂದು ನ್ಯೂಯಾರ್ಕ್ ನಗರದ ಟ್ರಯಾಂಗಲ್ ಉಡುಪಿನ ಕಾರ್ಖಾನೆಯ ಎಂಟನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿತು. ಯಜಮಾನರಿದ್ದ ಹತ್ತನೆಯ ಅಂತಸ್ತಿಗೆ ಟೆಲಿಫೋನಿನ ಮೂಲಕ ಸುದ್ದಿ ಮುಟ್ಟಿತು. ಅಲ್ಲಿಯವರು ಮಾಳಿಗೆಯ ಮೇಲೇರಿ ಬಹುಮಟ್ಟಿಗೆ ಉಳಿದುಕೊಂಡರು. ನಡುವಣ ಒಂಬತ್ತನೆಯ ಅಂತಸ್ತಿಗೆ ಯಾರೂ ತಿಳಿಸಲಿಲ್ಲ. ಅಲ್ಲಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹೊರಗಿನ ಕಬ್ಬಿಣದ ಮೆಟ್ಟಲು ಭಾರಕ್ಕೆ ಕುಸಿಯಿತು. ಸತ್ತವರು 146 ಮಂದಿ, ಬಹುಪಾಲು ಎಳೆಯ ಹೆಂಗಸರು. ಆ ಕಾರ್ಖಾನೆಯಲ್ಲಿ ಕವಾಯತೆಂಬುದು ಒಮ್ಮೆಯೂ ನಡೆದಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯುಂಟು. ಅಪ್ಪಣೆಯಿಲ್ಲದೆ ಬೆಂಚನ್ನು ಬಿಟ್ಟು ಏಳಕೂಡದೆಂದು ನಿಮಗೆ ಕಲಿಸಿದವರು ನಾವೇ. ಮೇಲ್ವಿಚಾರಕನ ಮುಖವನ್ನೇ ನೋಡುತ್ತ ಹೊಗೆಯಲ್ಲಿ ಕುಳಿತಿರುವ ಹುಡುಗಿಯೊಬ್ಬಳನ್ನು ನೆನೆದರೆ, ನಮ್ಮ ಶಿಸ್ತೆಲ್ಲವೂ ಒಳ್ಳೆಯದೆನ್ನಲು ನನಗೆ ಬಾಯಿ ಬಾರದು. ವಿಧೇಯತೆಗೂ ಒಂದು ಮೇರೆಯುಂಟು. ಎಚ್ಚರಿಕೆಯ ಗಂಟೆ ಬಾರಿಸಿದೊಡನೆ ಹೊಲಿಗೆಯನ್ನೂ ಕೈಚೀಲವನ್ನೂ ಅಲ್ಲಿಯೇ ಬಿಟ್ಟು ಏಳಬೇಕು, ಲಿಫ್ಟಿನ ಕಡೆಗೆ ಹೋಗದೆ ಮೆಟ್ಟಲಿಳಿಯಬೇಕು, ಹೊಗೆಯಿದ್ದರೆ ತಲೆ ಬಾಗಿಸಿ ನಡೆಯಬೇಕು. ಓದಿ ತಿಳಿದುದು ಗಾಬರಿಯಲ್ಲಿ ಮರೆತುಹೋಗುವುದು. ಕಾಲಿಗೆ ರೂಢಿಯಾದುದು ಅಷ್ಟು ಬೇಗ ಮರೆಯದು.

ಕೆಲಸಗಾರರೆಲ್ಲರಿಗೂ ತಪ್ಪಿಸಿಕೊಳ್ಳುವ ದಾರಿಗಳ ಪರಿಚಯವೂ ತಕ್ಕ ತರಬೇತಿಯೂ ಇರತಕ್ಕದ್ದೆಂದು 1948ರ ಕಾರ್ಖಾನೆಗಳ ಕಾನೂನಿನಲ್ಲಿಯೇ ವಿಧಿಸಿತ್ತು. ಆದುದರಿಂದ ಕವಾಯತನ್ನು ನಡೆಸಿರೆಂದು ಕೇಳುವುದು ಉದ್ಧಟತನವಲ್ಲ. ಹೊಸ ಕೆಲಸಕ್ಕೆ ಸೇರಿದ ವಾರದಲ್ಲಿಯೇ, ಊಟದ ಬಿಡುವಿನಲ್ಲಿ, ಎರಡನೆಯ ಮೆಟ್ಟಲಸಾಲನ್ನು ತಳದವರೆಗೂ ಇಳಿದು ನೋಡಿರಿ. ಬಾಗಿಲು ತೆರೆಯದಿದ್ದರೆ ಆ ದಿನವೇ ಮೇಲಧಿಕಾರಿಗೆ ಬರೆದು ತಿಳಿಸಿರಿ. ಒಬ್ಬಳೇ ರುಜು ಮಾಡಲು ಅಂಜಿಕೆಯಾದರೆ ನಾಲ್ವರು ಕೂಡಿ ಮಾಡಿರಿ.