ಮೂರನೆಯ ಮಗುವಿನ ಕರೆಯೂ ಕಾಣೆಯಾದ ಹೆಣ್ಣುಮಕ್ಕಳೂ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಜೈನ ಕನ್ನಡ ಕುಟುಂಬಗಳು ಪರ್ವದ ದಿನಗಳಲ್ಲಿ ಒಂದೆಡೆ ಸೇರಿದಾಗ ಈಚೆಗೆ ವೇದಿಕೆಯಿಂದ ಒಂದು ಕರೆ ಕೇಳಿಬರುತ್ತದೆ: ಸಮಾಜ ಕ್ಷೀಣಿಸುತ್ತಿದೆ, ಪ್ರತಿ ಮನೆಯಲ್ಲೂ ಮೂರು ಮಕ್ಕಳಿರಲಿ. ಸಭೆ ಚಪ್ಪಾಳೆ ತಟ್ಟುತ್ತದೆ. ಕರೆ ಕೊಡುವವರಲ್ಲಿ ಬಹುಮಂದಿ ಅರುವತ್ತು ದಾಟಿದ ಪುರುಷರು. ಅದನ್ನು ಈಡೇರಿಸಬೇಕಾದವರು ಮುಂಜಾನೆ ಲೋಕಲ್ ರೈಲಿನಲ್ಲಿ ನಿಂತೇ ಕಚೇರಿಗೆ ಹೋಗಿ, ಸಂಜೆ ನಿಂತೇ ಮರಳಿ, ನೇರ ಅಡುಗೆಮನೆ ಸೇರುವ ಸೊಸೆಯಂದಿರು. ಅವರ ಅಭಿಪ್ರಾಯವನ್ನು ಆ ಸಭೆ ಕೇಳುವುದಿಲ್ಲ.

ಕಳವಳ ನಿರಾಧಾರವಲ್ಲ. 2001ರಲ್ಲಿ ದೇಶದ ಜೈನರ ಸಂಖ್ಯೆ 42,25,053, 2011ರಲ್ಲಿ 44,51,753. ದೇಶ ಶೇ. 17.7ರಷ್ಟು ಬೆಳೆದ ದಶಕದಲ್ಲಿ ಜೈನರು ಬೆಳೆದದ್ದು ಶೇ. 5.4 ಮಾತ್ರ. ಕರ್ನಾಟಕದಲ್ಲಿ 4,12,659 ಇದ್ದವರು 4,40,280 ಆದರು. ಅದೇ ದಶಕದಲ್ಲಿ ಅಂದಿನ ಅವಿಭಜಿತ ಥಾಣೆ ಜಿಲ್ಲೆ ಶೇ. 36ರಷ್ಟು ಬೆಳೆದು ಒಂದು ಕೋಟಿ ಹತ್ತು ಲಕ್ಷವನ್ನು ದಾಟಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಜೈನ ಸ್ತ್ರೀಗೆ ಸರಾಸರಿ 2015–16ರಲ್ಲಿ 1.2, 2019–21ರಲ್ಲಿ 1.6 ಮಕ್ಕಳು. ಜನಸಂಖ್ಯೆ ಇದ್ದಂತೆಯೇ ಉಳಿಯಲು 2.1 ಬೇಕು. ಬಂಡವಾಳವನ್ನೇ ಕರಗಿಸಿ ಉಣ್ಣುವ ಮನೆತನದ ಲೆಕ್ಕ ಇದು.

ಆದರೆ ರೋಗ ನಿಜವೆಂದ ಮಾತ್ರಕ್ಕೆ ಕೈಗೆ ಸಿಕ್ಕಿದ್ದೆಲ್ಲ ಮದ್ದಾಗದು. ದಕ್ಷಿಣ ಕೊರಿಯಾ ಹೆರಿಗೆ ಹೆಚ್ಚಿಸಲು ವರ್ಷಗಟ್ಟಲೆ ಅಪಾರ ಹಣ ಸುರಿಯಿತು. 2023ರಲ್ಲಿ ಅಲ್ಲಿನ ಸರಾಸರಿ 0.72ಕ್ಕೆ ಇಳಿಯಿತು. ದುಬಾರಿ ಮನೆ, ದೀರ್ಘ ದುಡಿಮೆ, ಹೆಂಡತಿಯೊಬ್ಬಳ ಹೆಗಲಿಗೇ ಬಿದ್ದ ಮನೆಗೆಲಸ ಇವು ಬದಲಾಗದೆ ಕಾಣಿಕೆಯಿಂದ ತೊಟ್ಟಿಲು ತೂಗದು. ಸರಕಾರದ ಬೊಕ್ಕಸದಿಂದ ಆಗದ್ದು ಸಮಾಜದ ಠೇವಣಿಯಿಂದ ಆದೀತೇ?

ಇನ್ನೂ ವಿಚಿತ್ರವೆಂದರೆ, ಮಹಾರಾಷ್ಟ್ರದ ಕಾಯಿದೆಯನ್ನು ವೇದಿಕೆಯಲ್ಲಿ ಯಾರೂ ನೆನೆಯುವುದಿಲ್ಲ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಇಲ್ಲಿ ಮಹಾನಗರಪಾಲಿಕೆಯ ಚುನಾವಣೆಗೆ ನಿಲ್ಲುವಂತಿಲ್ಲ. 2005ರ ಸಣ್ಣ ಕುಟುಂಬ ನಿಯಮಗಳಂತೆ ರಾಜ್ಯ ಸರಕಾರದ ನೌಕರಿಗೂ ಅರ್ಹರಲ್ಲ. ಸಮಾಜಕ್ಕೆ ರಾಜಕೀಯ ಪ್ರಾತಿನಿಧ್ಯವಿಲ್ಲವೆಂದು ಕೊರಗುವವರೇ, ಪ್ರಾತಿನಿಧ್ಯದ ಬಾಗಿಲು ಮುಚ್ಚುವ ಸಲಹೆಯನ್ನು ಯುವಜನರಿಗೆ ಕೊಡುತ್ತಿದ್ದಾರೆ.

ಎಲ್ಲಕ್ಕಿಂತ ಕಹಿಯಾದ ಸಂಖ್ಯೆ ಬೇರೊಂದಿದೆ. 2011ರಲ್ಲಿ ಆರು ವರ್ಷದೊಳಗಿನ ಸಾವಿರ ಜೈನ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 889. ದೇಶದ ಸರಾಸರಿ 918. ನಿಸರ್ಗಕ್ಕೆ ಬಿಟ್ಟರೆ ಈ ಸಂಖ್ಯೆ 950ರ ಆಸುಪಾಸಿನಲ್ಲಿರಬೇಕು. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮೊದಲು ಉಣ್ಣುವ, ಇರುವೆಗೂ ದಾರಿ ಬಿಡುವ ಸಮಾಜದಲ್ಲಿ ಆ ಹೆಣ್ಣುಮಕ್ಕಳು ಎಲ್ಲಿ ಹೋದರು? ಇಂದು ಮೂವತ್ತೈದಾದರೂ ಮಗನಿಗೆ ಹೆಣ್ಣು ಸಿಗಲಿಲ್ಲವೆಂದು ಅಲೆಯುವ ತಂದೆತಾಯಿ ಈ ಪ್ರಶ್ನೆಯನ್ನು ತಮ್ಮ ತಲೆಮಾರಿಗೇ ಕೇಳಿಕೊಳ್ಳಬೇಕು. ಇದ್ದ ಹೆಣ್ಣುಮಗುವನ್ನು ಉಳಿಸಿಕೊಳ್ಳದವರಿಗೆ ಮೂರನೆಯದನ್ನು ಕೇಳುವ ಅಧಿಕಾರವಿಲ್ಲ.

ಹೆಣ್ಣು ಸಿಕ್ಕರೂ ಚತುರ್ಥರೋ ಪಂಚಮರೋ ಎಂಬ ವಿಚಾರಣೆ, ದಿಗಂಬರರೋ ಶ್ವೇತಾಂಬರರೋ ಎಂಬ ತನಿಖೆ, ಕೊನೆಗೆ ಜಾತಕ. ತೀರ್ಥಂಕರರ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಸ್ಥಳವಿತ್ತು; ಮೊಮ್ಮಗನ ಮದುವೆಯ ಮಂಟಪದಲ್ಲಿ ನೆರೆಯ ಪಂಗಡಕ್ಕೆ ಸ್ಥಳವಿಲ್ಲ.

ಇತಿಹಾಸ ಇದನ್ನು ಒಮ್ಮೆ ಕಲಿಸಿತ್ತು. 1891ರಲ್ಲಿ ಸುಮಾರು ಹದಿನಾಲ್ಕು ಲಕ್ಷವಿದ್ದ ಜೈನರು 1921ರ ವೇಳೆಗೆ ಹನ್ನೆರಡು ಲಕ್ಷಕ್ಕಿಂತ ಕೆಳಗಿಳಿದರು. ಅಂದು ಯಾರೂ ಸಂತಾನ ನಿಯಂತ್ರಿಸುತ್ತಿರಲಿಲ್ಲ. ಪ್ಲೇಗಿನಂಥ ರೋಗಗಳ ಜೊತೆಗೆ ಬಾಲ್ಯವಿವಾಹ, ಬಾಲವಿಧವೆಯರ ಮರುಮದುವೆಗಿದ್ದ ಅಡ್ಡಿ, ಕಿರಿದಾದ ಒಳಪಂಗಡಗಳು ಸಮಾಜವನ್ನು ಸವೆಸಿದವು. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯ ಹಿರಿಯರು ಹೆಚ್ಚು ಹೆರಿರೆಂದು ಬೋಧಿಸುತ್ತ ಕೂರಲಿಲ್ಲ. ಊರೂರಿನಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿದರು. ಇಂದು ಥಾಣೆಯಲ್ಲೂ ವಾಶಿಯಲ್ಲೂ ಲೆಕ್ಕ ಬರೆಯುವ, ಸಾಫ್ಟ್‌ವೇರ್ ಕಟ್ಟುವ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಅಂಥ ನಿಲಯಗಳಲ್ಲಿ ಉಂಡು ಓದಿದವರು.

ಆದ್ದರಿಂದ ಸಮಾಜ ಮಾಡಬೇಕಾದದ್ದು ಸ್ಪಷ್ಟ. ಪಂಚಕಲ್ಯಾಣದ ಸವಾಲಿನಲ್ಲಿ ಕೂಗುವ ಹಣದ ಒಂದು ಪಾಲು ಡೊಂಬಿವಲಿ, ಕಲ್ಯಾಣಗಳಲ್ಲಿ ಶಿಶುಪಾಲನಾ ಕೇಂದ್ರಕ್ಕೆ, ವೃದ್ಧರ ಆರೈಕೆಗೆ, ಎರಡನೆಯ ಮಗುವಿನ ಶಾಲಾ ಶುಲ್ಕಕ್ಕೆ ಹೋಗಲಿ. ಖರ್ಚಿನ ಲೆಕ್ಕ ವರ್ಷಕ್ಕೊಮ್ಮೆ ಸಭೆಯ ಮುಂದೆ ಬರಲಿ. ವಧೂವರರ ಪಟ್ಟಿಯಿಂದ ಒಳಪಂಗಡದ ಕಾಲಮು ಹೋಗಲಿ. ವಿಧವೆಯರ, ವಿಚ್ಛೇದಿತೆಯರ ಮರುಮದುವೆಗೆ ಬಸದಿಯ ಅಂಗಳವೇ ತೆರೆಯಲಿ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ನಿಗದಿಯಾಗಿದೆ. ಎಣಿಸುವವರು ಬಂದಾಗ ಧರ್ಮದ ಕಾಲಮಿನಲ್ಲಿ ಜೈನ ಎಂದೂ, ಮನೆಮಾತು ಕನ್ನಡವಾದವರು ಮಾತೃಭಾಷೆಯಲ್ಲಿ ಕನ್ನಡವೆಂದೂ ಬರೆಸಲಿ. ಹೆರುವ ಮೊದಲು ಇರುವವರನ್ನಾದರೂ ಲೆಕ್ಕಕ್ಕೆ ತರುವುದು ಸುಲಭ.

ಮೂರನೆಯ ಮಗು ಬೇಕೋ ಬೇಡವೋ ಎಂಬುದನ್ನು ಅದನ್ನು ಹೊರುವವಳು ನಿರ್ಧರಿಸುತ್ತಾಳೆ. ಹುಟ್ಟುವ ಮೊದಲನೆಯದು ಹೆಣ್ಣಾದರೆ ಪೇಡೆ ಹಂಚುವುದನ್ನು ಸಮಾಜ ಮೊದಲು ಕಲಿಯಲಿ.