ಹುಳದ ಮನೆಯ ಅಗ್ಗಿಷ್ಟಿಕೆ

ಕನಕಪುರದ ಹಾದಿಯಲ್ಲಿ ತೋಟದ ಮನೆ ಕಟ್ಟಿಸುತ್ತಿರುವ ಬೆಂಗಳೂರಿನ ಮಿತ್ರರೊಬ್ಬರು ಮೊನ್ನೆ ನನ್ನಲ್ಲಿಗೆ ಬಂದು ಒಂದು ಶಬ್ದವನ್ನು ಬೇಡಿದರು. ಕನ್ನಡದ ಮೇಷ್ಟರ ಬಳಿ ಯಾರೂ ಸಾಲ ಕೇಳುವುದಿಲ್ಲ, ಶಬ್ದ ಕೇಳುತ್ತಾರೆ. ಅವರ ಹಜಾರದ ಗೋಡೆಯೊಳಗೆ ಕಬ್ಬಿಣದ ಬೆಂಕಿಗೂಡೊಂದನ್ನು ಕೂರಿಸಲಿದ್ದಾರೆ. ಅದಕ್ಕೆ ಮುಂದುಗಡೆ ಗಾಜಿನ ಬಾಗಿಲು, ಮೇಲೆ ಉಕ್ಕಿನ ಹೊಗೆಕೊಳವೆ, ಗಾಳಿಯನ್ನು ಹೆಚ್ಚು ಕಡಮೆ ಮಾಡಲು ಒಂದು ಹಿಡಿ. ಮೂರು ಕಂಪನಿಗಳ ಪಟ್ಟಿಯನ್ನು ತರಿಸಿಕೊಂಡು, ಯಾವುದು ಮೇಲೆಂದು ಒಂದು ತಿಂಗಳಿಂದ ತೂಗಿ ನೋಡುತ್ತಿದ್ದಾರೆ. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಮೇಷ್ಟ್ರೇ ಎಂದರು. ಅಗ್ಗಿಷ್ಟಿಕೆ ಎನ್ನಿ ಎಂದೆ. ಅಗ್ನಿಯು ಜನರ ನಾಲಗೆಯ ಮೇಲೆ ಸವೆದು ಅಗ್ಗಿಯಾದುದನ್ನು ವಿವರಿಸಿದೆ. ಬಹಳ ಸೊಗಸಾಗಿದೆ ಎಂದು ಬರೆದುಕೊಂಡು ಹೋದರು.

ಸೊಗಸಿಗೆ ಕೊರತೆಯಿಲ್ಲ, ಚಳಿಗೆ ಮಾತ್ರ ಕೊರತೆ. ಬೆಂಗಳೂರಿನ ಹವಾಮಾನದ ದಾಖಲೆಯಲ್ಲಿ ಅತ್ಯಂತ ಕೊರೆಯುವ ರಾತ್ರಿಯೆಂದರೆ 1884ರ ಜನವರಿ 13. ಅಂದು ಉಷ್ಣಮಾನ 7.8 ಡಿಗ್ರಿಗೆ ಇಳಿದಿತ್ತು. ಸಾಧಾರಣವಾದ ಪುಷ್ಯಮಾಸದ ರಾತ್ರಿಗಳಲ್ಲಿ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಷ್ಟಕ್ಕೆ ನಮ್ಮ ಹಿರಿಯರು ಒಂದು ಕಂಬಳಿಯನ್ನು ಹೊದ್ದರು. ದಂಡಿನ ಪ್ರದೇಶದ ಬಂಗಲೆಗಳಲ್ಲಿ ಬಿಳಿಯರು ಬೆಂಕಿಗೂಡು ಕಟ್ಟಿಸಿಕೊಂಡದ್ದು ಚಳಿಗಿಂತ ಹೆಚ್ಚಾಗಿ ತವರಿನ ನೆನಪಿಗೆ. ನಮ್ಮ ಮಿತ್ರರಿಗೆ ಯಾವ ತವರಿನ ನೆನಪೋ ತಿಳಿಯದು. ಅವರು ಹುಟ್ಟಿದುದು ಚಾಮರಾಜಪೇಟೆಯಲ್ಲಿ.

ಆದರೆ ಅವರು ಆರಿಸುತ್ತಿರುವ ವಸ್ತುವನ್ನು ನಾನು ಹಳಿಯುವುದಿಲ್ಲ. ಬಾಯ್ದೆರೆದ ಬೆಂಕಿಗೂಡೆಂಬುದು ಸೌದೆ ತಿನ್ನುವ ಭೂತ. ಅದರ ಶಾಖದಲ್ಲಿ ಹತ್ತರಲ್ಲಿ ಒಂದು ಪಾಲು ಕೋಣೆಗೆ ದಕ್ಕಿದರೆ ಹೆಚ್ಚು. ಉಳಿದುದು ಹೊಗೆಗೂಡಿನಲ್ಲಿ ಏರಿ ಹೋಗುವುದಲ್ಲದೆ, ಹೋಗುವಾಗ ಕೋಣೆಯ ಬೆಚ್ಚನೆಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಆ ತೆರವನ್ನು ತುಂಬಲು ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲಿಯೇ ಇದನ್ನು ಕಂಡು ಕಬ್ಬಿಣದ ಒಲೆಯೊಂದನ್ನು ಹವಣಿಸಿದ. ಬೆಂಕಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿ, ಬೇಕಾದಷ್ಟೇ ಗಾಳಿಯೂಡಿ, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟಿದರೆ ಹತ್ತರಲ್ಲಿ ಆರೇಳು ಪಾಲು ಶಾಖ ಮನೆಯಲ್ಲಿಯೇ ನಿಲ್ಲುತ್ತದೆ. ಇದು ಒಳ್ಳೆಯ ವಿದ್ಯೆ. ಅದು ಬೇಡದವರ ಹಜಾರವನ್ನು ಸೇರಿ, ಬೇಕಾದವರ ಮನೆಯನ್ನು ತಪ್ಪಿಸಿಕೊಂಡು ಹೋಗುತ್ತಿರುವುದೇ ನನ್ನ ತಕರಾರು.

ಬೇಕಾದ ಮನೆ ಯಾವುದು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಬೆಂಗಳೂರು ದಕ್ಷಿಣವೆಂದು ಕರೆಯಲು ಸರ್ಕಾರ 2025ರಲ್ಲಿ ತೀರ್ಮಾನಿಸಿದ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಚಳಿಗಾಲದಲ್ಲಿ ಕಡ್ಡಾಯವಾಗಿ ಕಾಯಿಸಲೇಬೇಕಾದ ಮನೆಯೊಂದಿದೆ. ಅದು ರೇಷ್ಮೆಯ ಹುಳು ಸಾಕುವ ಮನೆ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಬೇಕು. ಈಗ ಅನೇಕರು ಎರಡನೆಯ ಜ್ವರದಿಂದ ಎದ್ದ ಹುಳುವನ್ನೇ ಚಾಕಿ ಕೇಂದ್ರಗಳಿಂದ ತರುತ್ತಾರೆ, ನಿಜ. ಆದರೆ ಬೆಳೆದ ಹುಳುವಿಗೂ 24-25 ಡಿಗ್ರಿ ಬೇಡವೆ? ಹೊರಗೆ 15 ಇರುವಾಗ ಒಳಗೆ 24 ಎಲ್ಲಿಂದ ಬರಬೇಕು? ಶೀತ ಹಿಡಿದರೆ ಹುಳು ಸೊಪ್ಪನ್ನು ಮೆಲ್ಲಗೆ ಮೇಯುತ್ತದೆ, ಹಣ್ಣಾಗುವುದು ದಿನಗಟ್ಟಲೆ ಹಿಂದೆ ಬೀಳುತ್ತದೆ, ಸೊಪ್ಪಿನ ಖರ್ಚು ಏರುತ್ತದೆ. ಶೀತದ ಜೊತೆಗೆ ತೇವವೂ ಕೂಡಿದರೆ ಸುಣ್ಣಕಟ್ಟು ರೋಗ. ಚಂದ್ರಿಕೆಗೆ ಏರಬೇಕಾದ ಹುಳುಗಳು ಸೀಮೆಸುಣ್ಣದ ಕಡ್ಡಿಗಳಂತೆ ಬಿಳಿಚಿ ಬಿಗಿದು ಬಿದ್ದಿರುವುದನ್ನು ಕಂಡ ರೈತನ ಮುಖವನ್ನು ನೋಡಿದವರು ಮರೆಯಲಾರರು.

ಆದುದರಿಂದ ಬೆಂಕಿ ಹಾಕುತ್ತಾರೆ. ಹೇಗೆ? ಹಳೆಯ ಬಾಣಲೆಯಲ್ಲೋ ಮುರುಕು ಬಕೆಟ್ಟಿನಲ್ಲೋ ಇದ್ದಿಲ ಕೆಂಡವನ್ನು ತುಂಬಿ, ತಟ್ಟೆಗಳ ನಡುವೆ ನೆಲದ ಮೇಲಿಟ್ಟು, ಶಾಖ ಹೋಗದಿರಲೆಂದು ಕಿಟಕಿಗಳಿಗೆ ಗೋಣಿಯನ್ನು ಕಟ್ಟಿ, ಬಾಗಿಲು ಮುಚ್ಚುತ್ತಾರೆ. ವಿದ್ಯುತ್ತಿನ ಹೀಟರು ಇರುವವರೂ ಉಂಟು. ಆದರೆ ರಾತ್ರಿ ಕರೆಂಟು ಹೋದೊಡನೆ ಅವರ ಮನೆಯಲ್ಲಿಯೂ ಬಾಣಲೆಯೇ ಹೊರಗೆ ಬರುತ್ತದೆ.

ಕಳೆದ ಚಳಿಗಾಲದಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು, ಮಾಗಡಿಯ ಕಡೆಯವಳು, ಮೊದಲನೆಯ ಗಂಟೆಯಲ್ಲಿ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ಒಂದು ದಿನ ಎದ್ದು ಹೊರಗೋಡಿ ವಾಂತಿ ಮಾಡಿದಳು. ವಿಚಾರಿಸಿದರೆ, "ರಾತ್ರಿ ಹುಳ ಕಾಯೋದು ನಾನೇ ಸಾರ್. ಮೂರು ಸಲ ಎದ್ದು ಕೆಂಡ ಹಾಕಬೇಕು. ಬಾಗಿಲು ತೆಗೆದಿಟ್ಟರೆ ಬಿಸಿ ಹೋಗುತ್ತೆ ಅಂತ ಅಪ್ಪ ಬೈತಾರೆ" ಎಂದಳು. ಹೊಗೆ ಕುಡಿಯುತ್ತೀಯಲ್ಲಮ್ಮ ಎಂದೆ. "ಇಲ್ಲ ಸಾರ್, ಇದ್ದಿಲಲ್ಲಿ ಹೊಗೆಯೇ ಇರಲ್ಲ" ಎಂದಳು.

ಹೊಗೆಯಿಲ್ಲದಿರುವುದೇ ಅದರ ಮೋಸ. ಸೌದೆಯ ಹೊಗೆಯಾದರೆ ಕಣ್ಣು ಉರಿಸಿ, ಕೆಮ್ಮಿಸಿ, ಮನುಷ್ಯನನ್ನು ಹೊರಗಟ್ಟುತ್ತದೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಸೆಯಿಂದ ಅದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ಮಂಪರು ಹತ್ತಿದವರು ಎದ್ದು ಬಾಗಿಲು ತೆಗೆಯುವುದಿಲ್ಲ. ಚಳಿಗಾಲದ ಬೆಳಿಗ್ಗೆ ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಿದವರು ಏಳಲಿಲ್ಲವೆಂಬ ಸುದ್ದಿಯನ್ನು ನಾವು ಪತ್ರಿಕೆಯ ಒಳಪುಟದಲ್ಲಿ ಓದಿ, ಕಾಫಿ ಕುಡಿದು, ಪುಟ ತಿರುವುತ್ತೇವೆ. ಹುಳುವಿಗೂ ಈ ಗಾಳಿ ವಿಷವೇ. ಶಾಖಕ್ಕೆಂದು ಇಟ್ಟ ಕೆಂಡ ಅದರ ಉಸಿರನ್ನೂ ಕಟ್ಟುತ್ತದೆ. ಮೇಲಾಗಿ ಒಂದು ಕಿಲೋ ಇದ್ದಿಲಿಗೆ ಗುಂಡಿಯಲ್ಲಿ ಐದಾರು ಕಿಲೋ ಸೌದೆ ಸುಟ್ಟಿರುತ್ತದೆ. ಕಾಡನ್ನೂ ಸುಟ್ಟು, ದುಡ್ಡನ್ನೂ ಕೊಟ್ಟು, ತಲೆನೋವನ್ನು ಕೊಂಡ ಹಾಗಾಯಿತು.

ಇದಕ್ಕೆ ತಿಳಿದವರು ಕೊಡುವ ಉತ್ತರ ನನಗೆ ಗೊತ್ತು. ರೈತರು ಒಪ್ಪುವುದಿಲ್ಲ ಸ್ವಾಮಿ, ಹಳ್ಳಿಯವರಿಗೆ ಹೊಸ ಒಲೆ ಹಿಡಿಸುವುದಿಲ್ಲ ಎನ್ನುತ್ತಾರೆ. ಹಾಗೆನ್ನುವವರು ಒಮ್ಮೆ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೋಗಿ ಬರಲಿ. ಅಲ್ಲಿಯ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಒಲೆಯ ಬಾಯಿ ಗೋಡೆಯ ಹೊರಗಿದೆ. ಸೌದೆಯನ್ನು ಹೊರಗಿನಿಂದ ಊಡುತ್ತಾರೆ. ಬಿಸಿಹೊಗೆ ತಗಡಿನ ಕೊಳವೆಗಳಲ್ಲಿ ಕೋಣೆಯ ನೆಲದುದ್ದಕ್ಕೂ ಹರಿದು ಹೊರಗೆ ಹೋಗುತ್ತದೆ. ಸೊಪ್ಪಿಗೆ ತಗಲುವುದು ಶಾಖ ಮಾತ್ರ. ಹೊಗೆ ತಗಲಿದರೆ ಎಲೆಯ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಮುಂದೆ ಹೇಗೂ ಹೊಗೆಯಾಗಿಯೇ ಹೋಗುವ ಎಲೆಗೆ ಇಷ್ಟು ಮರ್ಯಾದೆ! ಸೀರೆಯಾಗಿ ಮದುವೆಯ ಮಂಟಪಕ್ಕೆ ಬರುವ ನೂಲಿಗಾಗಿ ರಾತ್ರಿಯೆಲ್ಲ ಎಚ್ಚರವಿರುವ ಹುಡುಗಿಗೆ ಅದು ಸಲ್ಲಲಿಲ್ಲ. ಅಷ್ಟು ದೂರವೇಕೆ, ನಮ್ಮ ಹಳೆಯ ಮನೆಗಳ ಬಚ್ಚಲನ್ನೇ ನೆನೆದುಕೊಳ್ಳಿ. ಹಂಡೆ ಒಳಗೆ, ಒಲೆಯ ಬಾಯಿ ಹಿತ್ತಲಿಗೆ. ಯಾವ ಫ್ರಾಂಕ್ಲಿನ್ನನೂ ಬಂದು ಹೇಳಿಕೊಟ್ಟುದಲ್ಲ.

ಹುಳದ ಮನೆಗೆ ಬೇಕಾದುದು ಇಷ್ಟೇ. ಎಣ್ಣೆಯ ಪೀಪಾಯಿಯಿಂದ ಮಾಡಿದ ಒಲೆಯ ಒಡಲು ಒಳಗಿರಬೇಕು, ಬಾಯಿ ಗೋಡೆಯ ಆಚೆ ಇರಬೇಕು, ತಗಡಿನ ಕೊಳವೆ ಮಾಡಿಗಿಂತ ಎತ್ತರಕ್ಕೆ ಹೋಗಬೇಕು. ಸೋಗೆಯ ಮಾಡಾದರೆ ಕೊಳವೆಯನ್ನು ಅದರಿಂದ ದೂರಕ್ಕೆ ಒಯ್ಯಬೇಕು, ಕಿಡಿಗೆ ದಯೆಯಿಲ್ಲ. ಬೆಸುಗೆ ಬಿಟ್ಟ ಸಂದಿಯಲ್ಲಿ ಅದೇ ವಿಷದ ಗಾಳಿ ಒಳಬರುವುದರಿಂದ ಪ್ರತಿ ಬೆಳೆಗೂ ಮುಂಚೆ ಕೊಳವೆಯ ಮಸಿ ತೆಗೆದು, ಸಂದಿಗಳನ್ನು ನೋಡಬೇಕು; ಮೇಲುಗಡೆಯ ಒಂದು ಗವಾಕ್ಷಿಯನ್ನು ಎಂದೂ ಮುಚ್ಚಕೂಡದು. ಒಣಶಾಖಕ್ಕೆ ಸೊಪ್ಪು ಬಾಡದಂತೆ ಒಲೆಯ ನೆತ್ತಿಯ ಮೇಲೆ ಅಗಲವಾದ ನೀರಿನ ಪಾತ್ರೆಯನ್ನಿಡಬೇಕು. ಇನ್ನು ಸೌದೆಯೇ? ಹುಳು ಸೊಪ್ಪು ತಿಂದು ಉಳಿಸಿದ ಹಿಪ್ಪುನೇರಳೆಯ ಕಡ್ಡಿ ಪ್ರತಿ ಮನೆಯ ಮುಂದೆಯೂ ರಾಶಿ ಬಿದ್ದಿರುತ್ತದೆ. ಹಸಿಯ ಕಡ್ಡಿಯಲ್ಲಿ ಅರ್ಧದಷ್ಟು ನೀರೇ. ಅದನ್ನು ಉರಿಸುವುದೆಂದರೆ ನೀರು ಕಾಯಿಸಿದಂತೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು ನಾಲ್ಕು ಯೂನಿಟ್ ವಿದ್ಯುತ್ತಿನಷ್ಟು ಶಾಖವಿದೆ. ನಮ್ಮ ಪೀಪಾಯಿ ಒಲೆ ಅರ್ಧವನ್ನು ಪೋಲು ಮಾಡಿತೆಂದೇ ಹಿಡಿಯೋಣ. ಎರಡು ಕಿಲೋವ್ಯಾಟಿನ ಹೀಟರು ಹತ್ತು ಗಂಟೆಯಲ್ಲಿ ನುಂಗುವ ಇಪ್ಪತ್ತು ಯೂನಿಟ್ಟಿಗೆ ಬದಲು ಹತ್ತು ಕಿಲೋ ಕಡ್ಡಿ ಸಾಕು.

ಈ ದೇಶದಲ್ಲಿ ಇಂಥದಕ್ಕೆ ತಲೆ ಕೆಡಿಸಿಕೊಂಡವರಿಲ್ಲವೆ? ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಎಂಬ ಕೂಟ ಹಳ್ಳಿಯ ಅಡುಗೆಮನೆಗೆ ಹೊಗೆಕೊಳವೆಯ ಒಲೆಯನ್ನು ಮಾಡಿಕೊಟ್ಟಿತು. ಪ್ರಯೋಗಶಾಲೆಯಲ್ಲಿ ಅದು ನೂರಕ್ಕೆ ನಲವತ್ತರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸುತ್ತಿತ್ತು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರಲ್ಲಿ ಶುರುವಾಗಿ 2002ರಲ್ಲಿ ಮುಗಿಯಿತು. ಎಷ್ಟು ಒಲೆ ಕಟ್ಟಿದೆವೆಂಬ ಲೆಕ್ಕ ಇಟ್ಟರೇ ಹೊರತು ಕಟ್ಟಿಕೊಂಡ ಕೊಳವೆಯ ಮಸಿಯನ್ನು ಯಾರು ತೆಗೆಯಬೇಕೆಂದು ಯೋಚಿಸಲಿಲ್ಲ. ಊರಿಗೆ ಒಲೆ ಬಂತು, ಒಲೆಯವನು ಬರಲಿಲ್ಲ. ಅನಿಲದ ಸಿಲಿಂಡರು ಬಂದ ಮೇಲೆ ಒಲೆಯ ಕಥೆ ಮುಗಿಯಿತೆಂದು ಪೇಟೆಯವರು ಕೈತೊಳೆದುಕೊಂಡಿದ್ದಾರೆ. ಸಿಲಿಂಡರು ಅನ್ನ ಬೇಯಿಸೀತು. ಹುಳದ ಮನೆಯನ್ನು ತಿಂಗಳುಗಟ್ಟಲೆ ರಾತ್ರಿಯಿಡೀ ಅದರಿಂದ ಕಾಯಿಸುವ ರೈತ ಎಲ್ಲಿದ್ದಾನೆ?

ಹುಳು ಸಾಕುವ ಮನೆ ಕಟ್ಟಲು ಸಹಾಯಧನವುಂಟು, ಹನಿ ನೀರಾವರಿಗೆ ಉಂಟು. ಆ ಮನೆಯ ನಕ್ಷೆಯಲ್ಲಿ ಗೋಡೆಗೊಂದು ಒಲೆಯ ಕಿಂಡಿಯನ್ನೂ ಮಾಡಿಗೊಂದು ಕೊಳವೆಯ ತೂತನ್ನೂ ಬರೆದರೆ ಎಂಜಿನಿಯರರ ಸೀಸದ ಕಡ್ಡಿ ಎಷ್ಟು ಸವೆದೀತು? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ದಿನವೂ ಗೂಡು ಹೊತ್ತು ಬರುವವರ ಕಣ್ಣಿಗೆ ಬೀಳುವಂತೆ ಅಲ್ಲಿಯೇ ಒಂದು ಒಲೆಯನ್ನು ಉರಿಸಿ ತೋರಿಸಿದರೆ ಯಾವ ಭಾಷಣವೂ ಬೇಕಾಗುವುದಿಲ್ಲ. ಈ ಪೇಟೆಗಳಲ್ಲಿ ಗೇಟು, ಗ್ರಿಲ್ಲು ಮಾಡುವ ಬೆಸುಗೆಯವರು ಬೀದಿಗೊಬ್ಬರಿದ್ದಾರೆ. ಅವರಲ್ಲೊಬ್ಬನನ್ನು ನಾನು ವಿಚಾರಿಸಿದೆ. ಪೀಪಾಯಿ ತಂದುಕೊಟ್ಟರೆ ಎರಡು ದಿನದ ಕೆಲಸ ಎಂದ. ಆ ಹುಡುಗಿಯ ತಂದೆಯನ್ನು ಬರುವ ಭಾನುವಾರ ಅವನ ಅಂಗಡಿಗೆ ಕರೆದಿದ್ದೇನೆ.